ತೊಟ್ಟಿಲಿನ ಜೊತೆ ಬಂದ ಪಂಪು

ಆ ಎರಡು ವಾರದಲ್ಲಿ ನಾನು ಬೈಯದೆ ಬಿಟ್ಟವರು ಕಡಿಮೆ. ಬಾಣಂತಿಯನ್ನು ಬೈದೆ, ಅವಳ ತಾಯಿಯನ್ನು ಬೈದೆ, ಔಷಧಿ ಅಂಗಡಿಯವರನ್ನು ಬೈದೆ, ನಮ್ಮ ಮ್ಯಾನೇಜರನ್ನು ಅವರ ಮುಖದೆದುರೇ ಬೈದೆ. ಇದೆಲ್ಲ ಕಳೆದು ಒಂದು ವರ್ಷದ ಮೇಲಾಯಿತು. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ, ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ನಾನು ಹೊನ್ನಾವರದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಹಸುಗೂಸುಗಳ ಕೋಣೆಯ ನರ್ಸು. ಕೋಣೆ ಎಂದರೆ ಕೂಸುಗಳನ್ನು ಬೆಚ್ಚಗಿಡುವ ನಾಲ್ಕು ವಾರ್ಮರು, ಒಂದು ಫ್ರಿಜ್ಜು, ಒಂದು ಸಿಂಕು, ಸರದಿಯ ಮೇಲೆ ನಾವು ಮೂವರು. ಆ ಸಲ ನಮ್ಮ ಕೈಗೆ ಬಂದದ್ದು ಏಳು ತಿಂಗಳು ತುಂಬಿದ ಕೂಡಲೇ ಹುಟ್ಟಿಬಿಟ್ಟ ಹೆಣ್ಣು ಮಗು. ತೂಕ ಒಂದು ಕೆಜಿ ಮುನ್ನೂರೈವತ್ತು ಗ್ರಾಂ. ಇಂಥ ಮಕ್ಕಳಿಗೆ ಮೊಲೆ ಚೀಪಲು ಬರುವುದಿಲ್ಲ. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಒಟ್ಟಿಗೆ ನಿಭಾಯಿಸುವುದನ್ನು ಅವು ಇನ್ನೂ ಕಲಿತಿರುವುದಿಲ್ಲ. ಬಾಯಿಂದ ಹೊಟ್ಟೆಗೆ ಸಣ್ಣ ನಳಿಗೆ ಇಳಿಸಿ ಎರಡು ತಾಸಿಗೊಮ್ಮೆ ಹಾಲು ಬಿಡುತ್ತೇವೆ. ಮೊದಲ ದಿನ ಎರಡು ಎಂಎಲ್, ಮರುದಿನ ನಾಲ್ಕು, ಆಮೇಲೆ ಹೊಟ್ಟೆ ಒಪ್ಪಿದ ಹಾಗೆ ಮೇಲಕ್ಕೆ.

ಆ ಹಾಲು ತಾಯಿಯದೇ ಆದರೆ ಮಗುವಿನ ಅರ್ಧ ಕಷ್ಟ ಕಳೆದ ಹಾಗೆ. ಆದರೆ ಚೀಪುವ ಬಾಯಿ ಇಲ್ಲದಾಗ ತಾಯಿಯ ಎದೆಯನ್ನು ದಿನಕ್ಕೆ ಎಂಟು ಸಲ ಬೇರೆ ರೀತಿಯಲ್ಲಿ ಖಾಲಿ ಮಾಡಬೇಕು. ಖಾಲಿಯಾದಷ್ಟೂ ಎದೆ ಮತ್ತೆ ತಯಾರಿಸುತ್ತದೆ. ಹಾಗೇ ಬಿಟ್ಟರೆ, ಇಲ್ಲಿ ಗಿರಾಕಿ ಇಲ್ಲ ಎಂದು ಅಂಗಡಿ ಮುಚ್ಚುತ್ತದೆ. ಮೊದಲ ಎರಡು ವಾರದಲ್ಲಿ ಮುಚ್ಚಿದ ಅಂಗಡಿಯನ್ನು ಮತ್ತೆ ತೆರೆಸುವುದು ಬಹಳ ಕಷ್ಟ.

ಈ ಮಗುವಿನ ತಾಯಿಗೆ ಇಪ್ಪತ್ತನಾಲ್ಕು ವರ್ಷ. ಗಂಡನ ಮನೆ ಶಿರಾಲಿ. ಅಲ್ಲಿ ಹೆದ್ದಾರಿ ಬದಿಯ ಟೈಲರಿಂಗ್ ಅಂಗಡಿಯಲ್ಲಿ ಬ್ಲೌಸು ಹೊಲಿಯುತ್ತಿದ್ದಳು. ಗಂಡನದು ಆಟೋರಿಕ್ಷಾ. ತವರು ಮನೆ ಧಾರೇಶ್ವರ ದಾಟಿ ಕುಮಟಾಕ್ಕೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಹೆರಿಗೆಯಾದ ದಿನವೇ ನಾನು ಅವಳಿಗೆ ಕೈಯಲ್ಲಿ ಹಾಲು ತೆಗೆಯುವುದನ್ನು ಹೇಳಿಕೊಟ್ಟೆ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ಕಪ್ಪು ಭಾಗದ ಅಂಚಿಗಿಂತ ಸ್ವಲ್ಪ ಹಿಂದೆ. ಮೊದಲು ಎದೆಗೂಡಿನ ಕಡೆಗೆ ಒತ್ತಬೇಕು, ಆಮೇಲೆ ಹಿಂಡಬೇಕು, ಬೆರಳು ಜಾರಿಸಬಾರದು. ಹೊಲಿಗೆಯವಳ ಬೆರಳು, ಒಂದೇ ಸಲಕ್ಕೆ ಕಲಿತಳು. ಮೊದಲ ದಿನ ಚಮಚದಲ್ಲಿ ಹಿಡಿಯುವಷ್ಟು ದಪ್ಪ ಹಳದಿ ಹಾಲು, ಮೂರನೇ ದಿನಕ್ಕೆ ಅರವತ್ತು ಎಂಎಲ್, ನಾಲ್ಕನೇ ದಿನಕ್ಕೆ ನೂರು ದಾಟಿತು. ನಾನು ಖುಷಿಯಾಗಿದ್ದೆ.

ಐದನೇ ದಿನ ಅವಳನ್ನು ಮನೆಗೆ ಕಳಿಸಿದರು. ನಮ್ಮಲ್ಲಿ ಮಗು ಒಳಗಿದ್ದರೂ ತಾಯಿಗೆ ಹಾಸಿಗೆ ಇಲ್ಲ. ಹೊಸ ಹೆರಿಗೆಯವರು ಬರುತ್ತಲೇ ಇರುತ್ತಾರೆ ಎಂಬುದು ಮ್ಯಾನೇಜರ ವಾದ. ಅವಳ ತಾಯಿಗೂ ಅದೇ ಬೇಕಿತ್ತು.

"ಅಮೆ ಕಳೀದೆ ಬಾಳಂತಿ ಹೀಗೆ ಹೊರಗೆ ಇರೂದು ಸರಿ ಅಲ್ಲ ಸಿಸ್ಟರ್" ಎಂದರು ಆ ತಾಯಿ, ಮಗುವಿನ ಅಜ್ಜಿ. ಹೆರಿಗೆಯಾದ ಮನೆಗೆ ಹನ್ನೊಂದು ದಿನದ ಅಮೆ, ಅಂದರೆ ಪುರುಡಿನ ಮೈಲಿಗೆ, ಅಲ್ಲಿಯವರೆಗೆ ಬಾಣಂತಿ ಹೊಸಿಲು ದಾಟುವ ಹಾಗಿಲ್ಲ. "ಹಾಲು ಅಳಿಯ ತಂದು ಕೊಡ್ತ. ಅವಂದು ರಿಕ್ಷಾ ಇದ್ಯಲ್ಲ."

ಮರುದಿನ ಬೆಳಿಗ್ಗೆ ಅಳಿಯ ಐಸ್ ಪ್ಯಾಕ್ ಇಟ್ಟ ಡಬ್ಬದಲ್ಲಿ ಹಾಲಿನ ಬಾಟಲಿ ತಂದ. ಮುಖ ಅರಳಿತ್ತು.

"ಹಾಲು ತೆಗೆಯೂ ಪಂಪು ಬಂತು ಸಿಸ್ಟರ್. ತೊಟ್ಟಿಲ ಒಟ್ಟಿಗೇ ಬಂತು. ಕರೆಂಟಿಂದು, ಗಲ್ಫಿಂದು."

"ಆತು, ಒಳ್ಳೇದೇ ಆತು. ಎಂಟು ಸಲ ತಪ್ಪಿಸ್ಬೇಡ ಹೇಳಿ" ಎಂದೆ ನಾನು, ಬಾಟಲಿಯ ಮೇಲೆ ಸಮಯ ಬರೆಯುತ್ತ.

ತೊಟ್ಟಿಲ ವಿಷಯ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹೊಸ ತೊಟ್ಟಿಲು ತರುವುದಿಲ್ಲ. ಮಕ್ಕಳು ಚೆನ್ನಾಗಿ ಬದುಕಿ ಬೆಳೆದ ಮನೆಯಿಂದ ಎರವಲು ತರುತ್ತಾರೆ. ಅದನ್ನು ಕೇಳಿಕೊಂಡು ಬಂದರೆ ಇಲ್ಲ ಎನ್ನುವ ಹಾಗಿಲ್ಲ, ಬಂದ ತೊಟ್ಟಿಲನ್ನು ಮಗು ಮಲಗುವ ಮೊದಲು ವಾಪಸ್ಸು ಕಳಿಸುವ ಹಾಗಿಲ್ಲ, ಹಗ್ಗ ಸವೆದಿದೆ, ಕಾಲು ಅಲ್ಲಾಡುತ್ತದೆ ಎಂದು ಹೆಸರಿಡುವ ಹಾಗಂತೂ ಇಲ್ಲವೇ ಇಲ್ಲ. ಹಾಗೆ ಮಾಡಿದರೆ ಮಗುವಿಗೆ ಕೇಡು ಎಂಬ ನಂಬಿಕೆ. ಈ ತೊಟ್ಟಿಲು ಬಂದದ್ದು ಶಿರಾಲಿಯಲ್ಲಿರುವ ಗಂಡನ ಸಂಬಂಧಿಕರ ಮನೆಯಿಂದ. ಆ ಮನೆಯ ಸೊಸೆಗೆ ಮೂರು ಮಕ್ಕಳು, ಮೂರೂ ಗುಂಡುಗುಂಡಗೆ. ಅವಳ ಗಂಡ ಗಲ್ಫಿನಿಂದ ತಂದ ಪಂಪನ್ನು ಅವಳು ತೊಟ್ಟಿಲಿನೊಳಗೇ ಇಟ್ಟು ಕಳಿಸಿದ್ದಳು.

ಆ ದಿನ ಬಂದ ಹಾಲು ನೂರ ಹತ್ತು ಎಂಎಲ್. ಮರುದಿನ ಎಂಬತ್ತು. ಎಂಟನೇ ದಿನ ನಲವತ್ತೈದು. ಮಗುವಿಗೆ ಬೇಕಾದದ್ದು ಏರುತ್ತಿತ್ತು, ಬಾಟಲಿಯಲ್ಲಿ ಬರುವುದು ಇಳಿಯುತ್ತಿತ್ತು. ನಾನು ಫೋನು ಮಾಡಿದೆ.

"ಎಂಟು ಸಲ ಮಾಡ್ತಿದ್ಯಾ?"

"ಮಾಡ್ತೆ ಅಕ್ಕ."

"ಮಾಡಿದ್ರೆ ಹಾಲು ಎಲ್ಲಿ ಹೋತು? ಮೊಬೈಲು ನೋಡ್ತಾ ಕೂತ್ರೆ ಹಾಲು ಬರೂದಿಲ್ಲ, ತಿಳೀತಾ?"

ಹಿಂದೆ ಅವಳ ತಾಯಿಯ ದನಿ ಕೇಳಿಸಿತು: "ಸಿಸ್ಟರು ಹೇಳೂದೂ ಅದೇ ಅಲ್ವನೆ? ಮೆಂತೆ ಗಂಜಿ ಉಣ್ಣು ಅಂದ್ರೆ ಅರ್ಧ ಬಿಡ್ತೆ." ನನ್ನ ಮಾತಿಗೆ ಮನೆಯಲ್ಲಿ ಜೊತೆ ಸಿಕ್ಕಿತು ಎಂದು ನನಗೆ ಸಮಾಧಾನವೇ ಆಯಿತು. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಡಾಕ್ಟರು ಕೊರತೆಯಷ್ಟನ್ನು ಪುಡಿ ಹಾಲಿನಲ್ಲಿ ತುಂಬಲು ಬರೆದರು. ಬೇರೆ ದಾರಿ ಇರಲಿಲ್ಲ. ಒಂಬತ್ತನೇ ದಿನ ಬೆಳಿಗ್ಗೆ ನಾನು ಡ್ಯೂಟಿಗೆ ಬಂದಾಗ ಮಗುವಿನ ಹೊಟ್ಟೆ ಉಬ್ಬಿತ್ತು. ನಳಿಗೆಗೆ ಸಿರಿಂಜು ಹಾಕಿ ಎಳೆದರೆ ಹಿಂದಿನ ಸಲ ಕೊಟ್ಟದ್ದು ಜೀರ್ಣವಾಗದೆ ಹಾಗೇ ಬಂತು, ಬಣ್ಣ ತುಸು ಹಸಿರು. ಹಾಲು ನಿಲ್ಲಿಸಿದೆವು. ಡ್ರಿಪ್ ಹಾಕಿದೆವು. ಎಕ್ಸ್-ರೇ ತೆಗೆದೆವು. ಕರುಳಿಗೆ ಪೆಟ್ಟಾಗಿರುವ ಲಕ್ಷಣ ಸದ್ಯಕ್ಕೆ ಕಾಣುವುದಿಲ್ಲ ಎಂದರು ಡಾಕ್ಟರು. ನಮ್ಮ ಡಾಕ್ಟರು ಕಡಿಮೆ ಮಾತಿನ ಮನುಷ್ಯ.

"ನಲವತ್ತೆಂಟು ತಾಸು ನೋಡುವ. ಹೊಟ್ಟೆ ಇಳಿದ ಮೇಲೆ ತಾಯಿ ಹಾಲು ಇದ್ದರೆ ಇಲ್ಲೇ ನಿಧಾನಕ್ಕೆ ಶುರು ಮಾಡುವ. ಇಲ್ಲದಿದ್ದರೆ ಹಾಲಿನ ಬ್ಯಾಂಕ್ ಇರುವ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಮತ್ತೊಮ್ಮೆ ಪುಡಿ ಹಾಲು ಕೊಡಲು ನನಗೆ ಧೈರ್ಯವಿಲ್ಲ."

ದೊಡ್ಡ ಆಸ್ಪತ್ರೆ ಎಂದರೆ ಆಂಬ್ಯುಲೆನ್ಸಿನಲ್ಲಿ ನೂರಕ್ಕೂ ಹೆಚ್ಚು ಕಿಲೋಮೀಟರು. ಅಷ್ಟು ಚಿಕ್ಕ ಮಗುವನ್ನು ಅಷ್ಟು ದೂರ ಕಳಿಸುವಾಗ ನಾವು ಬಾಗಿಲ ತನಕ ಹೋಗಿ ನಿಲ್ಲುತ್ತೇವೆ. ಎಲ್ಲ ಸಲವೂ ಒಳ್ಳೆಯ ಸುದ್ದಿ ಬರುವುದಿಲ್ಲ.

ಮಧ್ಯಾಹ್ನ ಡ್ಯೂಟಿ ಮುಗಿಸಿ ಬಾಣಂತಿಯ ಗಂಡನ ರಿಕ್ಷಾದಲ್ಲಿ ಅವಳ ತವರಿಗೆ ಹೊರಟೆ. ದಾರಿಯುದ್ದಕ್ಕೂ ಅವಳಿಗೆ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಒಂದೂ ಒಳ್ಳೆಯ ಮಾತಾಗಿರಲಿಲ್ಲ.

ಬಾಣಂತಿ ಕೋಣೆಯಲ್ಲಿ ಕಿಟಕಿ ಮುಚ್ಚಿತ್ತು, ಓಮದ ಹೊಗೆ ವಾಸನೆ. ಅವಳು ತಲೆಗೆ ಬಟ್ಟೆ ಕಟ್ಟಿಕೊಂಡು ಮಂಚದ ಅಂಚಿಗೆ ಕುಳಿತಿದ್ದಳು. ಮೂಲೆಯಲ್ಲಿ ತೊಟ್ಟಿಲು, ಮೇಲೆ ಹೊದಿಸಿದ ಬಿಳಿ ಪಂಚೆ. ಅದರ ಪಕ್ಕದ ಸ್ಟೂಲಿನ ಮೇಲೆ ಪಂಪಿನ ಮೋಟಾರು. ಮೋಟಾರಿನ ಹಣೆಗೂ ಅಜ್ಜಿ ಕುಂಕುಮ ಇಟ್ಟಿದ್ದರು. ಅದನ್ನು ನೋಡಿ ನನಗೆ ನಗು ಬರಬೇಕಿತ್ತು.

"ಹಾಕು. ನಾ ನೋಡ್ತೆ" ಎಂದೆ.

ಅವಳು ಪ್ಲಗ್ ಹಾಕಿ, ಆಲಿಕೆಯಂಥ ಫನಲನ್ನು ಎದೆಗೆ ಹಿಡಿದಳು. ಮೋಟಾರು ಜೋರಾಗಿ ಗುಂಯ್‌ಗುಟ್ಟಿತು. ತಿರುಗಣೆಯನ್ನು ಕೊನೆಯ ತನಕ ತಿರುಗಿಸಿಟ್ಟಿದ್ದಳು. ಐದು ನಿಮಿಷ ನೋಡಿದೆ, ಬಾಟಲಿಯ ತಳ ಒದ್ದೆಯಾಯಿತು ಅಷ್ಟೆ. ಫನಲಿನ ಬಾಯಿ ಅವಳಿಗೆ ಎಷ್ಟು ದೊಡ್ಡದೆಂದರೆ ಮೊಲೆತೊಟ್ಟು ನಡುವೆ ನಿಲ್ಲದೆ ಅತ್ತಿತ್ತ ಉಜ್ಜುತ್ತಿತ್ತು. ಸುತ್ತ ಕೆಂಪಾಗಿ ಚರ್ಮ ಕಿತ್ತುಬಂದಿತ್ತು. ನಾನು ಫನಲನ್ನು ಕಸಿದು ನನ್ನ ಅಂಗೈಗೆ ಒತ್ತಿ ಹಿಡಿದೆ. ಸರಿಯಿರುವ ಪಂಪು ಅಂಗೈಗೆ ಹಿಡಿದರೆ ಚರ್ಮವನ್ನು ಎಳೆದು ಬಿಡುತ್ತದೆ, ಎಳೆದು ಬಿಡುತ್ತದೆ. ಇದು ಸುಮ್ಮನೆ ಗಾಳಿ ಊದಿದ ಹಾಗೆ ಇತ್ತು. ಕೈ ಬಿಟ್ಟರೆ ಬಿದ್ದೇಹೋಯಿತು.

ಬಿಚ್ಚಿದೆ. ಫನಲಿನ ಕೆಳಗೆ ಒಂದು ಸಣ್ಣ ಸಿಲಿಕೋನ್ ವಾಲ್ವ್ ಇರುತ್ತದೆ, ಬಾತುಕೋಳಿಯ ಕೊಕ್ಕಿನ ಆಕಾರ. ಅದು ಎಳೆಯುವಾಗ ಮುಚ್ಚಿಕೊಂಡು, ಬಿಡುವಾಗ ತೆರೆದು ಹಾಲನ್ನು ಕೆಳಗೆ ಇಳಿಸಬೇಕು. ಪಂಪಿನ ಜೀವ ಇರುವುದು ಅದರಲ್ಲಿ, ಮೋಟಾರಿನಲ್ಲಲ್ಲ. ಈ ವಾಲ್ವಿನ ಕೊಕ್ಕು ಬುಡದ ತನಕ ಹರಿದಿತ್ತು. ಮೋಟಾರಿಗೆ ಹೋಗುವ ನಳಿಗೆಯನ್ನು ಬೆಳಕಿಗೆ ಹಿಡಿದೆ. ಒಳಗೆ ಕಪ್ಪು ಚುಕ್ಕಿಗಳು. ಯಾವುದೋ ಕಾಲದಲ್ಲಿ ಒಳಗೆ ಹೋದ ಹಾಲು ಅಲ್ಲೇ ಉಳಿದು ಬೂಷ್ಟು ಬಂದಿತ್ತು.

"ಇದು ನಿನ್ನ ಕಣ್ಣಿಗೆ ಬೀಳ್ಲಿಲ್ವಾ?" ನನ್ನ ದನಿ ಅಂಗಳಕ್ಕೆ ಕೇಳಿರಬೇಕು.

ಉತ್ತರ ಕೊಟ್ಟದ್ದು ಅಜ್ಜಿ. "ಪಂಪಿಗೆ ಎಂತ ಆಗಿದೆ? ಶಿರಾಲಿ ಮನೇಲಿ ಮೂರು ಮಕ್ಕಳು ಇದ್ರಲ್ಲೇ ಬೆಳದ್ದು. ಇವಳಿಗೇ ಹಾಲಿಲ್ಲ. ಪಂಪಿಗೆ ಎಂತಕೆ ಹೇಳೂದು?"

"ಅಮ್ಮ, ಸುಮ್ನಿರಿ. ನಾ ಕೇಳಿದ್ದು ಅವಳ ಹತ್ರ."

ಹುಡುಗಿ ಎದೆ ಮುಚ್ಚಿಕೊಂಡು ನೆಲ ನೋಡುತ್ತ ಹೇಳಿದಳು. "ಗೊತ್ತಿತ್ತು ಅಕ್ಕ. ಎರಡನೇ ದಿನಕ್ಕೇ ಗೊತ್ತಾತು, ಇದು ಎಳೂದಿಲ್ಲ ಅಂತ. ಹೇಳಿದ್ರೆ ತೊಟ್ಟಿಲಿಗೆ ಹೆಸರಿಟ್ಟ ಹಾಗೆ ಆತದೆ. ಮಗು ಅಲ್ಲಿ ಗಾಜಿನೊಳಗೆ ಇರೂವಾಗ ನಾ ಹೇಗೆ ಹೇಳೂದು?"

"ಕೈಯಲ್ಲಿ ತೆಗೀಲಿಕ್ಕೆ ಕಲಿಸಿದ್ದೆ ಅಲ್ವಾ?"

"ಮಿಷನ್ ಇಟ್ಕಂಡು ಕೈಯಲ್ಲಿ ಹಿಂಡಿದ್ರೆ ಅದ್ರ ಮೇಲೆ ನಂಬಿಕೆ ಇಲ್ಲ ಅಂತ ಆತದೆ ಅಂದ್ರು."

ಯಾರು ಅಂದರು ಎಂದು ನಾನು ಕೇಳಲಿಲ್ಲ. ಅಜ್ಜಿ ಬಾಗಿಲ ಕಡೆ ತಿರುಗಿದ್ದರು. ಹಾಲು ಬತ್ತುತ್ತಿದೆ ಎಂದು ಅವಳಿಗೆ ಗೊತ್ತಿತ್ತು, ಯಾಕೆ ಎಂದೂ ಗೊತ್ತಿತ್ತು. ಮಗುವನ್ನು ಉಳಿಸಿಕೊಳ್ಳಬೇಕೆಂದೇ ಬಾಯಿ ಮುಚ್ಚಿಕೊಂಡು, ಹರಿದ ವಾಲ್ವಿನ ಪಂಪನ್ನು ದಿನಕ್ಕೆ ಎಂಟು ಸಲ ಗಾಯದ ಮೇಲೆ ಒತ್ತಿಕೊಂಡಿದ್ದಳು. ಅದರ ಮೇಲೆ ನನ್ನ ಫೋನಿನ ಬೈಗುಳ ಬೇರೆ. ಮೂರು ದಿನ ನಾನು ಎಷ್ಟು ಎಂಎಲ್ ಎಂದು ಕೇಳಿದ್ದೆ, ಯಾವ ಪಂಪು, ತೋರಿಸು ಎಂದು ಒಂದು ಸಲ ಕೇಳಿರಲಿಲ್ಲ. ಹದಿನೆಂಟು ವರ್ಷದ ಸರ್ವಿಸು ಇದ್ದು ಇಷ್ಟೂ ತೋಚಲಿಲ್ಲವಲ್ಲ ಎಂದು ಮೈ ಉರಿಯಿತು.

ಬಿಸಿನೀರಲ್ಲಿ ಅದ್ದಿದ ಬಟ್ಟೆ ತರಿಸಿ ಎದೆಗೆ ಶಾಖ ಕೊಟ್ಟೆ, ಬೆರಳ ತುದಿಯಿಂದ ನಿಧಾನಕ್ಕೆ ನೀವಿದೆ. ಆಮೇಲೆ ಅವಳೇ ಕೈಯಲ್ಲಿ ತೆಗೆದಳು. ಇಪ್ಪತ್ತು ನಿಮಿಷಕ್ಕೆ ಇಪ್ಪತ್ತೆರಡು ಎಂಎಲ್. ಅಜ್ಜಿ ಬಟ್ಟಲನ್ನು ನೋಡಿದರು, ಮಗಳ ಮುಖ ನೋಡಿದರು, ಒಳಗೆ ಹೋದರು.

ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿ ನಳಿಗೆಯ ಬೂಷ್ಟಿನ ವಿಷಯ ಹೇಳಿದೆ. ಫ್ರಿಜ್ಜಿನಲ್ಲಿದ್ದ ಆ ಪಂಪಿನ ಹಾಲನ್ನು ಚೆಲ್ಲಿಸಿದರು, ಮಗುವಿನ ರಕ್ತ ಪರೀಕ್ಷೆಗೆ ಕಳಿಸಿದರು. ಹೊಟ್ಟೆ ಉಬ್ಬಿದ್ದು ಪುಡಿ ಹಾಲಿನಿಂದಲೋ ಬೂಷ್ಟಿನಿಂದಲೋ, ಅವಧಿಗೆ ಮುಂಚೆ ಹುಟ್ಟಿದ ಕರುಳು ತಾನಾಗೇ ಮುನಿಸಿಕೊಂಡಿತೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಹೊಸ ಪಂಪು ಬೇಕಿತ್ತು, ಅದೂ ಅದೇ ದಿನ. ಹೊರಡುವ ಮೊದಲು ಅಳತೆ ತೆಗೆಯಬೇಕು ಎಂದೆ. ಮೊಲೆತೊಟ್ಟಿನ ಬುಡದ ಅಗಲ, ಎಂಎಂ ಲೆಕ್ಕದಲ್ಲಿ, ಕಪ್ಪು ಭಾಗ ಸೇರಿಸದೆ. ಅವಳು ತಲೆದಿಂಬಿನ ಕೆಳಗಿನಿಂದ ತನ್ನ ಹೊಲಿಗೆ ಟೇಪು ತೆಗೆದಳು. ಬಾಣಂತನದಲ್ಲೂ ಟೇಪನ್ನು ಬಿಟ್ಟಿರಲಿಲ್ಲ. "ಹದಿನೇಳು" ಎಂದಳು.

"ಹಾಗಾದ್ರೆ ಫನಲು ಹತ್ತೊಂಬತ್ತು, ಹೆಚ್ಚೆಂದ್ರೆ ಇಪ್ಪತ್ತೊಂದು. ಇದು ಎಷ್ಟಿದೆ?" ಹಳೆಯ ಫನಲಿನ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಇಪ್ಪತ್ತೆಂಟು ಎಂದಿತ್ತು.

ಅವಳು ಮೊದಲ ಸಲ ತಲೆಯೆತ್ತಿದಳು. "ಹನ್ನೊಂದು ಎಂಎಂ ಸಡಿಲ! ಹೀಗೆ ಬ್ಲೌಸು ಹೊಲ್ದು ಕೊಟ್ರೆ ಗಿರಾಕಿ ಮುಖಕ್ಕೇ ಬಿಸಾಡ್ತ್ರು. ಊರವರ ಎದೆ ಅಳತೆ ಎಲ್ಲ ನಾ ತೆಗೀತೆ, ನಂದು ಯಾರೂ ಕೇಳ್ಲಿಲ್ಲ."

ಕುಮಟಾದಲ್ಲಿ ಮೊದಲ ಅಂಗಡಿಯವನು ಪೆಟ್ಟಿಗೆಯ ಮೇಲೆ ನಗುವ ಹೆಂಗಸಿನ ಚಿತ್ರವಿದ್ದ ಒಂದು ರಬ್ಬರ್ ಬುರುಡೆ ಪಂಪನ್ನು ಮುಂದಿಟ್ಟ. ಹಳೆಯ ಕಾರಿನ ಹಾರ್ನಿಗೆ ಇರುತ್ತಿತ್ತಲ್ಲ, ಹಾಗೆ ಒತ್ತಿ ಬಿಡುವ ಬುರುಡೆ. ಹಾಲು ಬುರುಡೆಯೊಳಗೆ ಹೋಗುತ್ತದೆ, ಒಳಗೆ ತೊಳೆಯಲು ಬೆರಳೂ ಹೋಗುವುದಿಲ್ಲ. ಎಳೆತಕ್ಕೆ ಅಳತೆಯೇ ಇಲ್ಲ, ತೊಟ್ಟಿನ ಚರ್ಮ ಕಿತ್ತು ಬರುತ್ತದೆ.

"ಇದನ್ನ ಇನ್ನೂ ಮಾರ್ತ್ರ್ಯಾ?"

"ಎಲ್ರೂ ಇದೇ ಒಯ್ತ್ರು. ಯಾರೂ ವಾಪಸ್ಸು ತರ್ಲಿಲ್ಲ."

"ವಾಪಸ್ಸು ತರೂಕೆ ಬಾಳಂತಿ ಅಂಗಡಿಗೆ ಬತ್ತಳಾ? ಅವ್ಳ ಗಂಡ ಒಯ್ದು ಕೊಡ್ತ, ಅವ್ಳು ಅತ್ತು ಮೂಲೆಗೆ ಬಿಸಾಡ್ತಳು." ಅವನು ಬೇರೆ ಗಿರಾಕಿಯ ಕಡೆ ತಿರುಗಿದ.

ಹೊನ್ನಾವರದ ಅಂಗಡಿಯಲ್ಲಿ ಬ್ಯಾಟರಿಯದು ಇತ್ತು, ಒಂದೇ ಎದೆಗೆ. ಫನಲಿನ ಸೈಜು ಎಷ್ಟು ಎಂದು ಕೇಳಿದೆ. "ಸೈಜು ಎಂತದು? ಒಂದೇ ಸೈಜು ಬರೂದು. ಎಲ್ಲರಿಗೂ ಆತದೆ" ಎಂದ. ಚಪ್ಪಲಿ ಅಂಗಡಿಯಲ್ಲಿ ಹೀಗೆ ಹೇಳಿದರೆ ಒಪ್ಪುತ್ತೀಯಾ ಎಂದು ಕೇಳಿದೆ. ವಾಲ್ವು ಬೇರೆ ಸಿಗುತ್ತದೆಯೇ ಎಂದರೆ ವಾಲ್ವ್ ಎಂದರೇನೆಂದೇ ಅವನಿಗೆ ಗೊತ್ತಿರಲಿಲ್ಲ. ನಾನು ಬೇಡ ಎನ್ನುವಷ್ಟರಲ್ಲಿ ಅವನು ಪೆಟ್ಟಿಗೆಗೆ ಹಳೆಯ ಪೇಪರು ಸುತ್ತಲು ಶುರು ಮಾಡಿದ್ದ, ಯಾರಿಗೂ ಕಾಣಬಾರದಲ್ಲ ಎಂದು. ಹಾಲು ಕುಡಿದು ಬೆಳೆದವನೇ ಅವನೂ. ಯಾರಿಂದ ಮುಚ್ಚಿಡಬೇಕಿತ್ತೋ ನನಗೆ ತಿಳಿಯಲಿಲ್ಲ.

ಶರಾವತಿ ಸೇತುವೆ ದಾಟಿ ಭಟ್ಕಳಕ್ಕೆ ಹೋಗುವಷ್ಟರಲ್ಲಿ ಸಂಜೆಯಾಗುತ್ತಿತ್ತು. ವಿದೇಶಿ ಸಾಮಾನು ಮಾರುವ ಒಂದು ಸಣ್ಣ ಅಂಗಡಿ, ಸೆಂಟು, ಚಾಕಲೇಟು, ಮಕ್ಕಳ ಸಾಮಾನು. ಅಂಗಡಿಯವರು ಗಡ್ಡದ ಹಿರಿಯರು. ನಾನು ಬೇಕಾದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಎರಡೂ ಎದೆಗೆ ಒಟ್ಟಿಗೆ ಹಾಕುವಂಥದ್ದು ಬೇಕು, ಒಂದೊಂದಕ್ಕೇ ಆದರೆ ಹೊತ್ತು ಎರಡು ಪಟ್ಟು, ದಿನಕ್ಕೆ ಎಂಟು ಸಲ ಯಾರೂ ಮಾಡಲಾರರು. ಹಾಲು ನಳಿಗೆಗೆ ಹೋಗದಂತೆ ನಡುವೆ ತಡೆ ಇರಬೇಕು. ಎಳೆತ, ವೇಗ ಎರಡನ್ನೂ ಬೇರೆಬೇರೆಯಾಗಿ ಕಮ್ಮಿ ಜಾಸ್ತಿ ಮಾಡಲು ಬರಬೇಕು. ಕರೆಂಟು ಹೋದರೂ ನಡೆಯಬೇಕು. ಫನಲು ಸಣ್ಣ ಸೈಜಿನದು, ವಾಲ್ವು ಹೆಚ್ಚಿಗೆ ಬೇಕು.

ಅವರು ಕಣ್ಣು ಮಿಟುಕಿಸಿ ನನ್ನನ್ನೇ ನೋಡಿದರು. "ಒಂದ್ ಮಿನಿಟ್ ಅಕ್ಕ. ನಂಗೆ ಇದು ಗೊತ್ತಾಗೂದಿಲ್ಲ. ಮಗಳಿಗೆ ಗೊತ್ತು." ಫೋನು ಹಚ್ಚಿ ತಮ್ಮ ಮನೆಮಾತು ನವಾಯತಿಯಲ್ಲಿ ಏನೋ ಹೇಳಿ ನನ್ನ ಕೈಗೆ ಕೊಟ್ಟರು. ಮೂರು ಊರಿನಲ್ಲಿ ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡ ಒಬ್ಬರೇ ಅಂಗಡಿಯವರು ಅವರು. ಅಲ್ಲಿಯ ತನಕ ಸಿಟ್ಟಿನಲ್ಲಿದ್ದ ನಾನು ಫೋನಿನಲ್ಲಿ ಎಲ್ಲವನ್ನೂ ಮತ್ತೆ ಮೊದಲಿನಿಂದ, ಈ ಸಲ ಮೆಲ್ಲಗೆ ಹೇಳಿದೆ.

ಮಗಳು ಮನೆಯಿಂದಲೇ ಹೇಳಿದಳು. "ಎರಡನೇ ಶೆಲ್ಫಲ್ಲಿ ನೀಲಿ ಬಾಕ್ಸ್ ತೆಗೀಲಿಕ್ಕೆ ಹೇಳಿ ಅಬ್ಬಾಗೆ. ಅದ್ರಲ್ಲಿ ಫನಲು ಇಪ್ಪತ್ನಾಲ್ಕೇ ಬರ್ತದೆ. ಆದ್ರೆ ಕೆಳಗೆ ಡಬ್ಬದಲ್ಲಿ ಒಳಗೆ ಹಾಕೂ ರಿಂಗ್ ಉಂಟು, ಇಪ್ಪತ್ತೊಂದು, ಹತ್ತೊಂಬತ್ತು. ನಂಗೂ ಅದೇ ಬೇಕಾಗಿತ್ತು, ತರ್ಸಿಟ್ಟಿದ್ದೆ. ವಾಲ್ವು ನಾಲ್ಕು ಜೊತೆ ತಗೊಳ್ಳಿ."

ಪಂಪು ಸಿಕ್ಕಿತು. ಆದರೆ ವಾಪಸ್ಸು ಬರುವಾಗ ರಿಕ್ಷಾದಲ್ಲಿ ಆ ನೀಲಿ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಯೋಚಿಸಿದಷ್ಟೂ ನನಗೆ ಧೈರ್ಯ ಬರಲಿಲ್ಲ. ಇಷ್ಟು ಒಳ್ಳೆಯದನ್ನು ಒಯ್ದು ಅದೇ ಕತ್ತಲೆ ಕೋಣೆಯಲ್ಲಿ ತೊಟ್ಟಿಲ ಪಕ್ಕ ಇಟ್ಟರೆ ಏನಾಗುತ್ತದೆ? ಇದನ್ನು ಕುದಿಸಿ ತೊಳೆದರೋ ಇಲ್ಲವೋ, ರಿಂಗು ಸರಿ ಕೂತಿತೋ ಇಲ್ಲವೋ, ನೋಡುವವರು ಯಾರು? ಡಾಕ್ಟರು ಹೇಳಿದ ನಲವತ್ತೆಂಟು ತಾಸಿನಲ್ಲಿ ಒಂದು ದಿನ ಆಗಲೇ ಹೋಗುತ್ತ ಬಂದಿತ್ತು. ಆಗ ನಿರ್ಧರಿಸಿದೆ. ಪಂಪು ತಾಯಿಯ ಹತ್ತಿರ ಹೋಗುವುದಲ್ಲ, ತಾಯಿ ಮಗುವಿನ ಹತ್ತಿರ ಬರಬೇಕು.

ಹತ್ತನೇ ದಿನ ಬೆಳಿಗ್ಗೆ ಮತ್ತೆ ಹೋದೆ. ಅಜ್ಜಿ ಬಾಗಿಲಲ್ಲೇ ತಡೆದರು.

"ಎರಡೇ ದಿನ ಸಿಸ್ಟರ್. ಅಮೆ ಕಳೀಲಿ, ನಾನೇ ಕರ್ಕಂಡು ಬತ್ತೆ."

"ಎರಡು ದಿನಕ್ಕೆ ಕೂಸು ಇಲ್ಲಿ ಇರೂದಿಲ್ಲ ಅಮ್ಮ. ಆಂಬ್ಯುಲೆನ್ಸಲ್ಲಿ ಇರ್ತದೆ."

"ಗಾಳಿ ಬಡೀತದೆ ಅವ್ಳಿಗೆ. ನಾಳೆ ಎಂತಾದ್ರೂ ಆದ್ರೆ ಊರವ್ರು ನನ್ನ ಕೇಳ್ತ್ರು."

"ಊರವ್ರ ಹತ್ರ ಹಾಲಿದ್ಯಾ? ಇದ್ರೆ ಕೇಳಿ ತನ್ನಿ, ನಾ ಸುಮ್ನೆ ಹೋತೆ."

ಮಾತು ಇನ್ನೂ ಎಲ್ಲಿಗೆ ಹೋಗುತ್ತಿತ್ತೋ. ಹುಡುಗಿ ತಲೆಯ ಬಟ್ಟೆಯನ್ನು ಬಿಗಿಮಾಡಿಕೊಂಡು ನಮ್ಮಿಬ್ಬರ ನಡುವೆ ನುಸುಳಿ, ಹೊಸಿಲು ದಾಟಿ, ಅಂಗಳ ದಾಟಿ, ಗಂಡನ ರಿಕ್ಷಾದಲ್ಲಿ ಕೂತುಬಿಟ್ಟಳು. "ಆಯಿ, ನೀನೂ ಬಪ್ಪುದಾದ್ರೆ ಬಾ" ಎಂದಳು ಒಳಗಿಂದ. ಅಜ್ಜಿ ಬರಲಿಲ್ಲ.

ನರ್ಸಿಂಗ್ ಹೋಮಿನಲ್ಲಿ ಮ್ಯಾನೇಜರು ಕಾಯುತ್ತಿದ್ದರು. ಡಿಸ್ಚಾರ್ಜ್ ಆದವರು ಒಳಗೆ ಕೂರುವ ಹಾಗಿಲ್ಲ, ಎಲ್ಲಿ ಕೂರಿಸುತ್ತೀರಿ, ಗಂಡಸರು ಓಡಾಡುವ ಜಾಗ ಎಂದರು. ಹೊರಗೆ ಬೋರ್ಡಿನಲ್ಲಿ ತಾಯಿ ಹಾಲೇ ಅಮೃತ ಎಂದು ಬರೆಸಿದ್ದೀರಲ್ಲ, ಆ ಅಮೃತ ತೆಗೆಯಲು ಒಂದು ಕುರ್ಚಿ ಇಡುವಷ್ಟು ಜಾಗ ನಿಮ್ಮ ಎರಡು ಮಾಳಿಗೆಯಲ್ಲಿ ಇಲ್ಲವೇ ಎಂದು ಕೇಳಿದೆ. ದನಿ ಏರಿತು. ಡಾಕ್ಟರು ಹೊರಗೆ ಬಂದು ಇಬ್ಬರನ್ನೂ ನೋಡಿ, "ಬಟ್ಟೆ ಇಡುವ ಕೋಣೆ ಇದೆಯಲ್ಲ" ಎಂದಷ್ಟೇ ಹೇಳಿ ಒಳಗೆ ಹೋದರು. ಬೆಡ್‌ಶೀಟಿನ ಗಂಟುಗಳನ್ನು ಒಂದು ಮೂಲೆಗೆ ತಳ್ಳಿ, ಕುರ್ಚಿ ಹಾಕಿ, ಬಾಗಿಲಿಗೆ ಒಳಗಿನಿಂದ ಚಿಲಕ ಹಚ್ಚಿಸಿಕೊಟ್ಟೆ.

ಮೊದಲು ಅವಳನ್ನು ಮಗುವಿನ ಹತ್ತಿರ ಕರೆದೊಯ್ದು, ಮಗುವನ್ನು ಅವಳ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿದೆ. ಐದು ದಿನದ ಮೇಲೆ ಮಗುವನ್ನು ಮುಟ್ಟಿದ್ದಳು. ಮಗುವಿನ ತಲೆ ಅವಳ ಗಂಟಲ ಕುಳಿಗೆ ಸರಿಯಾಗಿ ಕೂತಿತು. ಅರ್ಧ ತಾಸಿನ ಮೇಲೆ ರವಿಕೆ ಒದ್ದೆಯಾಯಿತು. ಅವಳು ನಾಚಿ ಸೆರಗು ಎಳೆದುಕೊಂಡಳು. ನಾಚಬೇಕಾದವರು ನಾವು ಎಂದೆ.

ಪಂಪಿಗೆ ಹತ್ತೊಂಬತ್ತರ ರಿಂಗು ಹಾಕಿದೆವು. ಗಾಯ ಆರುವ ತನಕ ಎಳೆತ ಕೆಳಗೇ ಇರಲಿ, ಮೊದಲು ಎರಡು ನಿಮಿಷ ವೇಗವಾಗಿ ಹಗುರಾಗಿ, ಹಾಲು ಇಳಿದ ಮೇಲೆ ನಿಧಾನಕ್ಕೆ ಆಳವಾಗಿ. ಪಂಪು ಮುಗಿದ ಮೇಲೆ ಉಳಿದದ್ದು ಕೈಯಲ್ಲಿ. ಎರಡು ತಾಸಿಗೊಮ್ಮೆ, ನಿದ್ದೆಗೆ ಮಾತ್ರ ಸ್ವಲ್ಪ ಬಿಡುವು. ಮೊದಲ ಸಲ ಎಂಟು ಎಂಎಲ್. ಎರಡನೇ ಸಲ ಆರು. ಅವಳು ನನ್ನ ಮುಖ ನೋಡಿದಳು. ನಾನು ಬಾಟಲಿ ನೋಡಬೇಡ ಎಂದು ಅದಕ್ಕೆ ಮಗುವಿನ ಕಾಲ್ಚೀಲ ಹೊದಿಸಿದೆ. ಆ ದಿನದ ಒಟ್ಟು ಎಪ್ಪತ್ತು. ಮರುದಿನ ನೂರ ಇಪ್ಪತ್ತು.

ಹನ್ನೊಂದನೇ ದಿನ ಮಧ್ಯಾಹ್ನ ಹೊಟ್ಟೆ ಇಳಿಯಿತು, ರಕ್ತದ ರಿಪೋರ್ಟಿನಲ್ಲಿ ದೋಷ ಇರಲಿಲ್ಲ. ಡಾಕ್ಟರು ತಾಯಿಯ ಹಾಲು ಎರಡು ಎಂಎಲ್ ಎಂದು ಬರೆದರು. ಕೊಟ್ಟೆ. ಮುಂದಿನ ಸಲ ಎಳೆದು ನೋಡಿದರೆ ನಳಿಗೆಯಲ್ಲಿ ಏನೂ ಉಳಿದಿರಲಿಲ್ಲ, ಅಷ್ಟೂ ಜೀರ್ಣ. ಆಂಬ್ಯುಲೆನ್ಸಿಗೆ ಹೇಳುವುದು ಬೇಡ ಎಂದರು ಡಾಕ್ಟರು. ನಾನು ಬಟ್ಟೆ ಕೋಣೆಗೆ ಹೋಗಿ ಹೇಳಿದೆ. ಅವಳು ಪಂಪು ನಿಲ್ಲಿಸದೆಯೇ ಅತ್ತಳು.

ಹನ್ನೆರಡನೇ ದಿನ ಅಜ್ಜಿ ಬಂದರು. ತೊಟ್ಟಿಲಿಗೆ ಹಾಕುವ ಶಾಸ್ತ್ರದ ದಿನ ಅದು. ತೊಟ್ಟಿಲು ಮನೆಯಲ್ಲೇ ಖಾಲಿ ಇತ್ತು. ಅವರು ಸಿಂಕಿನ ಹತ್ತಿರ ಹೋಗಿ ಸೆರಗು ಸಿಕ್ಕಿಸಿ, ನಾನು ತೊಳೆಯುವುದನ್ನೇ ನೋಡುತ್ತ ನಿಂತರು. ಸ್ವಲ್ಪ ಹೊತ್ತಿಗೆ ವಾಲ್ವನ್ನು ಬೆರಳಲ್ಲಿ ಹಿಡಿದು, "ಈ ಕೊಕ್ಕು ಎಷ್ಟು ದಿನಕ್ಕೆ ಬದಲ್ಸೂದು?" ಎಂದು ಕೇಳಿದರು. ಆಮೇಲೆ ಪಂಪು ಕುದಿಸುವ ಕೆಲಸ ಅವರದೇ ಆಯಿತು, ನಮ್ಮ ಆಯಾಗಳಿಗೂ ಮುಟ್ಟಗೊಡುತ್ತಿರಲಿಲ್ಲ.

ಮಗು ಒಂದು ಕೆಜಿ ಎಂಟುನೂರು ದಾಟಿ, ಮೊಲೆ ಚೀಪಲು ಕಲಿತು, ಮನೆಗೆ ಹೊರಟ ದಿನ ಕರೆದೊಯ್ಯಲು ಬಂದವರಲ್ಲಿ ಶಿರಾಲಿಯ ತೊಟ್ಟಿಲ ಮನೆಯ ಸೊಸೆಯೂ ಇದ್ದಳು. ನನಗೆ ಅವಳ ಮೇಲೂ ಸಿಟ್ಟಿತ್ತು. ಹರಿದ ವಾಲ್ವು, ಬೂಷ್ಟಿನ ನಳಿಗೆ, ನೋಡದೆ ಹೇಗೆ ಕೊಟ್ಟೆ ಎಂದು ಕೇಳಲು ಬಾಯಿ ತುದಿಗೆ ಬಂದಿತ್ತು. ಉಳಿದವರು ರಿಕ್ಷಾದ ಕಡೆ ಹೋದ ಮೇಲೆ ಅವಳೇ ಹಿಂದೆ ಉಳಿದಳು.

"ನನ್ನ ಗುರ್ತ ಸಿಕ್ತಾ ಸಿಸ್ಟರ್?"

ಸಿಗಲಿಲ್ಲ.

"ಮೂರನೇದು ಇಲ್ಲೇ ಆಗಿತ್ತು. ಎರಡು ತಿಂಗಳಿಗೆ ಸೊಸೈಟಿ ಕೆಲಸಕ್ಕೆ ಹೋಪೂಕೆ ಶುರು ಮಾಡಿದ್ದೆ, ಪಂಪಲ್ಲಿ ಹಾಲು ಬರೂದಿಲ್ಲ ಅಂತ ನಿಮ್ಮ ಹತ್ರ ಬಂದಿದ್ದೆ. ಕೆಲವರಿಗೆ ಬರೂದಿಲ್ಲ, ತಲೆಬಿಸಿ ಮಾಡಬೇಡ ಅಂದ್ರಿ. ಪುಡಿ ಹಾಲಿನ ಹೆಸರು ಬರ್ದು ಕೊಟ್ರಿ."

ನನಗೆ ನೆನಪಿರಲಿಲ್ಲ. ಅಂಥ ಚೀಟಿ ನಾನು ಎಷ್ಟು ಬರೆದಿದ್ದೇನೋ.

"ಮನೇಲಿ ಹೇಳ್ಲಿಲ್ಲ. ಡಬ್ಬ ಬೀರುವಲ್ಲಿ ಬಚ್ಚಿಟ್ಟು ಕೊಟ್ಟೆ. ಎಲ್ಲರೂ ಮೂರೂ ನಿನ್ನ ಹಾಲಲ್ಲೇ ಬೆಳದ್ದು ಅಂತ್ರು. ತೊಟ್ಟಿಲು ಕೇಳೂಕೆ ಬಂದಾಗ ಪಂಪೂ ಕೊಡು ಅಂದ್ರು. ತಪ್ಪು ನನ್ನ ಮೈದು ಅಂತ ಮಾಡಿದ್ದೆ, ಪಂಪಿಂದು ಅಂತ ಅಲ್ಲ. ಹಾಗಾಗಿ ಕೊಟ್ಟೆ." ಅವಳು ನನ್ನ ಕಣ್ಣನ್ನೇ ನೋಡಿದಳು. "ಹಾಗಾದ್ರೆ ನಂಗೂ ಹಾಲಿತ್ತಾ ಸಿಸ್ಟರ್?"

"ಇತ್ತು" ಎಂದೆ.

ಅವಳು ತಲೆಯಾಡಿಸಿದಳು. ಹೊರಗೆ ರಿಕ್ಷಾದ ಹಾರ್ನು ಕೇಳಿಸಿತು. ಎರಡು ಹೆಜ್ಜೆ ಹೋದವಳು ನಿಂತು ತಿರುಗಿದಳು.

"ಅವತ್ತು ಪಂಪು ನನ್ನ ಚೀಲದಲ್ಲೇ ಇತ್ತು. ನಿಮಗೆ ತೋರ್ಸೂಕೆ ಅಂತಲೇ ತಂದಿದ್ದೆ."